ಮೀನಿನ ತೊಟ್ಟಿ ಎಷ್ಟು ನೀರು ಹಿಡಿಯುತ್ತದೆ? – ಘನಫಲದ ಪಾಠಕ್ಕೊಂದು ಪೂರಕ ಅಧ್ಯಯನ

ಉದ್ದ, ಅಗಲ, ಎತ್ತರಗಳನ್ನು ಗುಣಿಸಿದರೆ ಘನಫಲ ದೊರೆಯುತ್ತದೆ ಎಂಬ ಸೂತ್ರವನ್ನು ಆರನೆಯ ತರಗತಿಯ ಮಗು ಒಂದೇ ಪಿರಿಯಡ್‌ನಲ್ಲಿ ಕಲಿತುಬಿಡುತ್ತದೆ. ಪುಸ್ತಕದಲ್ಲಿರುವ ಹತ್ತು ಲೆಕ್ಕಗಳಿಗೂ ಸರಿಯುತ್ತರ ಬರೆಯುತ್ತದೆ. ಆದರೆ ಅದೇ ಮಗುವಿನ ಕೈಗೆ ಅಳತೆಯ ಪಟ್ಟಿಯನ್ನು ಕೊಟ್ಟು, ನೀರು ತುಂಬಿದ ನಿಜವಾದ ಪಾತ್ರೆಯ ಮುಂದೆ ನಿಲ್ಲಿಸಿ, ಇದರಲ್ಲಿ ಎಷ್ಟು ಲೀಟರ್ ನೀರಿದೆ ಎಂದು ಕೇಳಿದಾಗ ಅದು ತಡವರಿಸುತ್ತದೆ. ಎಲ್ಲಿಂದ ಎಲ್ಲಿಗೆ ಅಳೆಯಬೇಕು ಎಂಬುದನ್ನು ಸೂತ್ರವು ಹೇಳುವುದಿಲ್ಲ. ಪಾಠಪುಸ್ತಕದ ಚಿತ್ರದಲ್ಲಿ ಅಳತೆಗಳನ್ನು ಮೊದಲೇ ಬರೆದಿಡಲಾಗಿರುತ್ತದೆ. ತೊಟ್ಟಿಯ ಗಾಜಿನ ಮೇಲೆ ಯಾರೂ ಬರೆದಿರುವುದಿಲ್ಲ.

ಈ ತೊಡಕನ್ನು ಬಿಡಿಸಲು ಮನೆಯಲ್ಲಿ ಅಥವಾ ಶಾಲೆಯಲ್ಲಿ ಇರಿಸುವ ಗಾಜಿನ ಮೀನಿನ ತೊಟ್ಟಿಯಷ್ಟು ಅನುಕೂಲವಾದ ಸಾಧನ ಇನ್ನೊಂದಿಲ್ಲ. ಅದು ಆಯತಾಕಾರದ್ದು, ಒಳಗಿರುವುದೆಲ್ಲ ಹೊರಗೆ ಕಾಣುತ್ತದೆ, ಅದಕ್ಕಿಂತ ಮುಖ್ಯವಾಗಿ, ಲೆಕ್ಕ ತಪ್ಪಿದರೆ ಅದರ ಫಲವನ್ನು ಅನುಭವಿಸುವ ಜೀವಿಗಳು ಅದರೊಳಗಿವೆ. ನೀರಿನ ಪ್ರಮಾಣ ತಿಳಿಯದೆ ಎಷ್ಟು ಮೀನುಗಳನ್ನು ಬಿಡಬಹುದು, ಔಷಧವನ್ನು ಎಷ್ಟು ಹಾಕಬೇಕು, ವಾರಕ್ಕೊಮ್ಮೆ ಎಷ್ಟು ನೀರನ್ನು ಬದಲಿಸಬೇಕು ಎಂಬ ಯಾವ ಪ್ರಶ್ನೆಗೂ ಉತ್ತರ ಹೇಳಲಾಗದು.

ದೇಲಂಪಾಡಿಯಂತಹ ಪ್ರದೇಶದ ಮಕ್ಕಳಿಗೆ ನೀರಿನ ಅಳತೆ ಹೊಸತೇನೂ ಅಲ್ಲ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಸುಳ್ಯದ ಮೂಲಕ ಹರಿದು ಬರುವ ಪಯಸ್ವಿನಿಯು ಕೇರಳವನ್ನು ಪ್ರವೇಶಿಸುವುದು ಈ ಗಡಿನಾಡಿನಲ್ಲಿ; ಮುಂದೆ ಚಂದ್ರಗಿರಿಯೆಂಬ ಹೆಸರಿನಿಂದ ಕಾಸರಗೋಡಿನ ಬಳಿ ಅದು ಕಡಲು ಸೇರುತ್ತದೆ. ಮುರಕಲ್ಲಿನ ಗುಡ್ಡದೊಳಗೆ ಕೊರೆದ ಸುರಂಗ, ಅದರ ಬಾಯಿಯ ಮುಂದಿನ ಕೆರೆ, ಅಡಿಕೆ ತೋಟಕ್ಕೆ ಬಿಡುವ ನೀರಿನ ಸರದಿ – ಇವು ಮಕ್ಕಳು ದಿನವೂ ಕಾಣುವ ಸಂಗತಿಗಳು. ಹೀಗಾಗಿ ತರಗತಿಯ ಗಾಜಿನ ತೊಟ್ಟಿಯಿಂದ ಆರಂಭಿಸಿ ತೋಟದ ಕೆರೆಯವರೆಗೆ ಪಾಠವನ್ನು ಕೊಂಡೊಯ್ಯುವುದು ಇಲ್ಲಿ ಸುಲಭ.

ಶಬ್ದದ ತೊಡಕು

ಲೆಕ್ಕಕ್ಕೆ ಮೊದಲು ಶಬ್ದದ ಕುರಿತು ಒಂದು ಮಾತು ಅಗತ್ಯ. ಕಾಸರಗೋಡಿನ ಕನ್ನಡ ಮಾಧ್ಯಮದ ತರಗತಿಯಲ್ಲಿ ಕುಳಿತ ಮಕ್ಕಳ ಮನೆಮಾತು ತುಳು, ಮಲಯಾಳ, ಹವ್ಯಕ ಕನ್ನಡ, ಅರೆಭಾಷೆ, ಮರಾಟಿ ಹೀಗೆ ಹಲವು. ಅಧ್ಯಾಪಕರು ಪುಸ್ತಕದ ಕನ್ನಡದಲ್ಲಿ 'ಘನಫಲ' ಎನ್ನುತ್ತಾರೆ. ಅಕ್ಕಪಕ್ಕದ ಮಲಯಾಳ ಮಾಧ್ಯಮದ ತರಗತಿಯಲ್ಲಿ ಅದೇ ಪರಿಕಲ್ಪನೆಯು 'ವ್ಯಾಪ್ತಂ' ಎನಿಸಿಕೊಳ್ಳುತ್ತದೆ. ಕನ್ನಡದಲ್ಲಿ 'ವ್ಯಾಪ್ತಿ' ಎಂದರೆ ಹರಹು, ಅಧಿಕಾರದ ಎಲ್ಲೆ. ಅದಕ್ಕೂ ನೀರು ಹಿಡಿಯುವುದಕ್ಕೂ ಸಂಬಂಧವಿಲ್ಲ. ಎರಡು ಭಾಷೆಗಳ ನಡುವೆ ಬೆಳೆಯುವ ಮಗು ಇವೆರಡನ್ನು ಬೆರೆಸಿಕೊಂಡು, ಘನಫಲವೆಂದರೆ ತೊಟ್ಟಿಯು ಮೇಜಿನ ಮೇಲೆ ಆವರಿಸುವ ಜಾಗವೆಂದು ತಿಳಿದರೆ ಅದು ಆಶ್ಚರ್ಯವಲ್ಲ. ಆಗ ಅದು ಹೇಳುವುದು ವಿಸ್ತೀರ್ಣವನ್ನು.

ಮಲಯಾಳದಲ್ಲಿ ಪಾತ್ರೆಯು ಹಿಡಿಯುವ ಪ್ರಮಾಣಕ್ಕೆ 'ಉಳ್ಳಳವು' ಎಂಬ ಇನ್ನೊಂದು ಶಬ್ದವಿದೆ. ಒಳಗಿನ ಅಳತೆ ಎಂದೇ ಅದರ ಅರ್ಥ. ಪರಿಕಲ್ಪನೆಯನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಶಬ್ದ ನಮ್ಮ ಪಾರಿಭಾಷಿಕ ಕನ್ನಡದಲ್ಲಿ ಇಲ್ಲವೆಂದೇ ಹೇಳಬೇಕು. 'ಸಾಮರ್ಥ್ಯ' ಎಂಬ ಶಬ್ದವು ಮಗುವಿಗೆ ಬಲಶಾಲಿಯನ್ನು ನೆನಪಿಸುತ್ತದೆಯೇ ಹೊರತು ಕೊಡಪಾನವನ್ನಲ್ಲ. 'ಉಲಯಿ' ಎಂದರೆ ಒಳಗೆ ಎಂದು ತುಳು ಮನೆಮಾತಿನ ಮಗುವಿಗೆ ಗೊತ್ತು. 'ಉಳ್ಳ್' ಎಂದರೆ ಒಳಗೆ ಎಂದು ಮಲಯಾಳದ ಮಗುವಿಗೆ ಗೊತ್ತು. ಇಬ್ಬರ ಬಾಯಿಂದಲೂ ಆ ಶಬ್ದಗಳನ್ನು ಹೇಳಿಸಿ, ಕಪ್ಪುಹಲಗೆಯ ಮೇಲೆ 'ಒಳ ಅಳತೆ' ಎಂದು ಕನ್ನಡದಲ್ಲಿ ಬರೆದರೆ ಪಾಠದ ಅರ್ಧ ಕೆಲಸ ಮುಗಿದಂತೆ. ಘನವಸ್ತುವೊಂದು ಆಕ್ರಮಿಸುವ ಸ್ಥಳ ಘನಫಲ. ಪಾತ್ರೆಯೊಂದರ ಒಳಗೆ ಹಿಡಿಯುವ ಸ್ಥಳ ಒಳ ಅಳತೆ. ಗಾಜಿನ ತೊಟ್ಟಿಗೆ ಇವೆರಡೂ ಇವೆ, ಮತ್ತು ಅವು ಬೇರೆ ಬೇರೆ.

ಸಾವಿರದ ಗುಟ್ಟು

ಘನ ಸೆಂಟಿಮೀಟರನ್ನು ಲೀಟರಿಗೆ ಪರಿವರ್ತಿಸುವಾಗ ಮಕ್ಕಳು ನೂರರಿಂದ ಭಾಗಿಸುವುದು ಸಾಮಾನ್ಯ. ಒಂದು ಮೀಟರಿಗೆ ನೂರು ಸೆಂಟಿಮೀಟರ್ ಎಂಬ ಹಳೆಯ ನೆನಪು ಅಲ್ಲಿ ಅಡ್ಡ ಬರುತ್ತದೆ. ಇದನ್ನು ಬಾಯಿಪಾಠದಿಂದ ತಿದ್ದಲು ಹೊರಡುವುದು ವ್ಯರ್ಥ. ದಪ್ಪ ರಟ್ಟಿನಿಂದ 10 ಸೆಂ.ಮೀ. ಉದ್ದ, ಅಗಲ, ಎತ್ತರವಿರುವ ಮೇಲ್ಭಾಗ ತೆರೆದ ಪೆಟ್ಟಿಗೆಯೊಂದನ್ನು ಮಕ್ಕಳಿಂದಲೇ ಮಾಡಿಸಿ, ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಒಂದು ಲೀಟರಿನ ಬಾಟಲಿಯಲ್ಲಿ ಗೆರೆಯವರೆಗೆ ತುಂಬಿದ ನೀರನ್ನು ಅದಕ್ಕೆ ಸುರಿಯಿಸಬೇಕು. ಪೆಟ್ಟಿಗೆ ಅಂಚಿನವರೆಗೆ ತುಂಬುವುದನ್ನು ಕಣ್ಣಾರೆ ಕಂಡ ಮಗು 10 × 10 × 10 = 1000 ಘನ ಸೆಂ.ಮೀ. ಒಂದು ಲೀಟರ್ ಎಂಬುದನ್ನು ಮತ್ತೆ ಮರೆಯುವುದಿಲ್ಲ.

ಇದರ ಮುಂದಿನ ಹೆಜ್ಜೆಯನ್ನು ಅಂಗಳದಲ್ಲಿ ಇಡಬಹುದು. ಒಂದು ಮೀಟರ್ ಉದ್ದದ ಹನ್ನೆರಡು ಅಡಿಕೆ ದಬ್ಬೆಗಳನ್ನು ಹಗ್ಗದಿಂದ ಬಿಗಿದರೆ ಒಂದು ಘನ ಮೀಟರಿನ ಚೌಕಟ್ಟು ಸಿದ್ಧವಾಗುತ್ತದೆ. ಅದರೊಳಗೆ ಎಷ್ಟು ಮಂದಿ ಮಕ್ಕಳು ಕೂರಬಹುದೆಂದು ನೋಡುವುದು ಅವರಿಗೆ ಆಟ. ರಟ್ಟಿನ ಪೆಟ್ಟಿಗೆಗಳನ್ನು ತಳದಲ್ಲಿ ಹತ್ತು ಸಾಲು ಹತ್ತು ಕಂಬ ಜೋಡಿಸಿದಂತೆ ಊಹಿಸಿ, ಅಂತಹ ಹತ್ತು ಪದರಗಳಾದರೆ ಸಾವಿರ ಲೀಟರ್ ಎಂದು ಎಣಿಸುವುದು ಪಾಠ. ಮನೆಯ ಮಾಡಿನ ಮೇಲಿರುವ ಕಪ್ಪು ನೀರಿನ ಟ್ಯಾಂಕಿಗೆ ಸಾವಿರ ಲೀಟರ್ ಎಂದು ಬರೆದಿರುವುದು ಏಕೆ ಅಷ್ಟು ದೊಡ್ಡದು ಎಂಬುದು ಆಗ ಹೊಳೆಯುತ್ತದೆ.

ಅಜ್ಜಂದಿರ ಕಾಲದಲ್ಲಿ ಇಲ್ಲಿ ಅಕ್ಕಿಯನ್ನು ಸೇರು, ಕಳಸಿಗೆ, ಮುಡಿಗಳಲ್ಲಿ ಅಳೆಯುತ್ತಿದ್ದರು: 14 ಸೇರು ಒಂದು ಕಳಸಿಗೆ, ಮೂರು ಕಳಸಿಗೆ ಒಂದು ಮುಡಿ. ಅವೂ ಒಳ ಅಳತೆಗಳೇ. ಆದರೆ ಉದ್ದದ ಅಳತೆಯಿಂದ ಸೇರಿಗೆ ಹೋಗುವ ಸರಳ ದಾರಿ ಇರಲಿಲ್ಲ. ಗೇಣಿನಲ್ಲಿ ಅಳೆದ ಪೆಟ್ಟಿಗೆ ಎಷ್ಟು ಸೇರು ಹಿಡಿಯುತ್ತದೆಂದು ತಿಳಿಯಲು ಅಕ್ಕಿ ಸುರಿದೇ ನೋಡಬೇಕಿತ್ತು. ಮೆಟ್ರಿಕ್ ಪದ್ಧತಿಯ ಹಿರಿಮೆ ಇರುವುದು ಪಟ್ಟಿಯಿಂದ ಅಳೆದು ನೀರಿನ ಲೆಕ್ಕ ಹೇಳಬಹುದೆಂಬಲ್ಲಿ. ಭಾರತದಲ್ಲಿ ಇದಕ್ಕೆ ದಾರಿ ಮಾಡಿದ ತೂಕ ಮತ್ತು ಅಳತೆಗಳ ಕಾಯಿದೆ ಬಂದದ್ದು 1956ರಲ್ಲಿ. ಕಾಸರಗೋಡು ಕೇರಳಕ್ಕೆ ಸೇರಿದ ವರ್ಷವೂ ಅದೇ. ಮನೆಯ ಹಿರಿಯರನ್ನು ಕೇಳಿ ಹಳೆಯ ಅಳತೆಗಳ ಪಟ್ಟಿ ಮಾಡಿ ತರುವಂತೆ ಹೇಳಿದರೆ, ಊರಿಂದೂರಿಗೆ ಸೇರಿನ ಗಾತ್ರ ಬೇರೆಯಾಗಿದ್ದುದೂ ಮಕ್ಕಳ ಗಮನಕ್ಕೆ ಬಂದೀತು.

ತೊಟ್ಟಿಯ ಮುಂದೆ

ಅಂಗಡಿಯಲ್ಲಿ 'ಎರಡು ಅಡಿಯ ತೊಟ್ಟಿ' ಎಂದು ಕೇಳಿದರೆ ಕೊಡುವುದು ಸಾಮಾನ್ಯವಾಗಿ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ್ದು. ಮಕ್ಕಳು ತಕ್ಷಣ ಗುಣಿಸುತ್ತಾರೆ: 54,000 ಘನ ಸೆಂ.ಮೀ., ಅಂದರೆ 54 ಲೀಟರ್. ಅಧ್ಯಾಪಕರು ಈ ಉತ್ತರವನ್ನು ತಪ್ಪೆಂದು ಹೇಳದೆ ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಡುವುದು ಒಳಿತು. ಮುಂದಿನ ಸಂವಾದ ಹೀಗೆ ನಡೆಯಬಹುದು:

"ಪಟ್ಟಿಯನ್ನು ಎಲ್ಲಿಂದ ಎಲ್ಲಿಗೆ ಹಿಡಿದಿರಿ?"
"ಈ ಕೊನೆಯಿಂದ ಆ ಕೊನೆಗೆ ಟೀಚರೇ."
"ಆ ಕೊನೆಯಲ್ಲಿ ಏನಿದೆ?"
"ಗಾಜು."
"ಗಾಜಿನ ಒಳಗೆ ನೀರು ನಿಲ್ಲುತ್ತದೆಯೇ?"

ನಗು ಕೇಳಿಬಂದ ಮೇಲೆ ಪಟ್ಟಿ ಒಳಗೆ ಇಳಿಯುತ್ತದೆ. ಗಾಜಿನ ದಪ್ಪ 5 ಮಿ.ಮೀ. ಎಂದಿಟ್ಟುಕೊಂಡರೆ ಎರಡು ಬದಿಗಳಿಂದ ತಲಾ ಅರ್ಧ ಸೆಂಟಿಮೀಟರ್ ಕಳೆಯಬೇಕು. ಒಳಗಿನ ಉದ್ದ 59 ಸೆಂ.ಮೀ., ಅಗಲ 29 ಸೆಂ.ಮೀ. ತಳದ ವಿಸ್ತೀರ್ಣ 59 × 29 = 1711 ಚದರ ಸೆಂ.ಮೀ. ಈ 1711 ಎಂಬ ಸಂಖ್ಯೆ ಮುಂದೆ ಮತ್ತೆ ಮತ್ತೆ ಬೇಕಾಗುವುದರಿಂದ ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಚೌಕದೊಳಗೆ ಬರೆಯಿಸಬೇಕು.

ಎರಡನೆಯದು ಎತ್ತರ. ಯಾವ ತೊಟ್ಟಿಯನ್ನೂ ಕಂಠಮಟ್ಟ ತುಂಬುವುದಿಲ್ಲ. ತುಂಬಿದರೆ ಮೀನು ಹೊರಗೆ ಹಾರುತ್ತದೆ. ಅಳೆಯಬೇಕಾದದ್ದು ತೊಟ್ಟಿಯ ಎತ್ತರವನ್ನಲ್ಲ, ಒಳತಳದಿಂದ ನೀರಿನ ಮೇಲ್ಮೈವರೆಗಿನ ಆಳವನ್ನು. ಅದು 26 ಸೆಂ.ಮೀ. ಎಂದು ಕಂಡುಬಂದರೆ 1711 × 26 = 44,486 ಘನ ಸೆಂ.ಮೀ., ಸುಮಾರು 44.5 ಲೀಟರ್. ಗಾಜಿಗಿಂತ ಹೆಚ್ಚು ನಷ್ಟವಾದದ್ದು ಈ ತುಂಬದೆ ಬಿಟ್ಟ ಭಾಗದಿಂದ ಎಂಬುದನ್ನು ಮಕ್ಕಳೇ ಕಂಡುಕೊಳ್ಳಲಿ.

ಮೂರನೆಯದು ತಳದಲ್ಲಿ ಹರಡಿದ ಜಲ್ಲಿಕಲ್ಲು. ನಿಜವಾಗಿ ಯೋಚಿಸಬೇಕಾದ ಭಾಗ ಇದು. ನಾಲ್ಕು ಸೆಂಟಿಮೀಟರ್ ದಪ್ಪಕ್ಕೆ ಹರಡಿದ ಜಲ್ಲಿಯ ಪದರದ ಘನಫಲ 1711 × 4 = 6844 ಘನ ಸೆಂ.ಮೀ. ಅಷ್ಟನ್ನೂ ಕಳೆಯಬೇಕೇ? ಬೇಡವೇ ಬೇಡ ಎಂದು ಕೆಲವರು, ಪೂರ್ತಿ ಕಳೆಯಬೇಕೆಂದು ಕೆಲವರು ವಾದಿಸುತ್ತಾರೆ. ಈ ವಾದವನ್ನು ಅಧ್ಯಾಪಕರು ತೀರ್ಮಾನಿಸಬಾರದು. ಒಂದು ಲೀಟರಿನ ಮಗ್ಗು ತೀರ್ಮಾನಿಸಬೇಕು. ಮಗ್ಗಿನಲ್ಲಿ ಅಂಚಿನವರೆಗೆ ಒಣ ಜಲ್ಲಿ ತುಂಬಿ, ಅಳತೆಯ ಲೋಟದಿಂದ ನೀರು ಹೊಯ್ಯುತ್ತಾ ಹೋದರೆ ಸಾಮಾನ್ಯವಾಗಿ 350ರಿಂದ 450 ಮಿ.ಲೀ. ನೀರು ಹಿಡಿಯುತ್ತದೆ. ಅಂದರೆ ಜಲ್ಲಿಯ ಪದರದಲ್ಲಿ ಹತ್ತರಲ್ಲಿ ನಾಲ್ಕು ಪಾಲು ಬರಿಯ ಸಂದು; ಕಲ್ಲು ಆರು ಪಾಲು. 6844ರ ಹತ್ತರಲ್ಲಿ ಆರು ಪಾಲು ಸುಮಾರು 4106 ಘನ ಸೆಂ.ಮೀ. ಇಷ್ಟನ್ನು ಮಾತ್ರ ಕಳೆಯಬೇಕು:

44,486 – 4,106 = 40,380 ಘನ ಸೆಂ.ಮೀ., ಅಂದರೆ 40.4 ಲೀಟರ್.

ಮೂಲೆಯಲ್ಲಿ ಬರೆದಿಟ್ಟ 54ರ ಪಕ್ಕದಲ್ಲಿ ಈಗ 40.4ನ್ನು ಬರೆಯಬಹುದು. ವ್ಯತ್ಯಾಸ 13.6 ಲೀಟರ್. 'ನಿಜವಾದ ನೀರು ಅಂದಾಜಿಗಿಂತ ಎಷ್ಟು ಕಡಿಮೆ?' ಎಂದು ಕೇಳಿದರೆ ಉತ್ತರ ನಾಲ್ಕನೆಯ ಒಂದು ಭಾಗ. 'ಅಂದಾಜು ನಿಜವಾದ ನೀರಿಗಿಂತ ಎಷ್ಟು ಹೆಚ್ಚು?' ಎಂದು ಕೇಳಿದರೆ ಉತ್ತರ ಮೂರನೆಯ ಒಂದು ಭಾಗ. ಅದೇ 13.6 ಲೀಟರ್ ಒಮ್ಮೆ ಕಾಲು ಭಾಗ, ಇನ್ನೊಮ್ಮೆ ಮೂರನೆಯ ಒಂದು ಭಾಗ ಹೇಗಾಯಿತೆಂಬುದು ಭಿನ್ನರಾಶಿಯ ಪಾಠಕ್ಕೆ ತಾನಾಗಿ ಒದಗಿದ ಪ್ರಶ್ನೆ. ಯಾವುದರ ಭಾಗವೆಂದು ಕೇಳದೆ ಭಿನ್ನರಾಶಿಗೆ ಅರ್ಥವಿಲ್ಲ. ಏಳನೆಯ ತರಗತಿಯ ಶೇಕಡದ ಪಾಠದಲ್ಲೂ ಇದೇ ತೊಟ್ಟಿಯನ್ನು ಮತ್ತೆ ಬಳಸಬಹುದು.

ಲೆಕ್ಕ ಮುಗಿದ ಮೇಲೆ ಪರೀಕ್ಷೆ ಬೇಕು. ಮುಂದಿನ ಬಾರಿ ತೊಟ್ಟಿಯನ್ನು ತೊಳೆದು ತುಂಬುವಾಗ, ಒಂದು ಲೀಟರಿನ ಬಾಟಲಿಯಿಂದ ಎಣಿಸಿ ಹೊಯ್ಯುವ ಕೆಲಸವನ್ನು ಇಬ್ಬರು ಮಕ್ಕಳಿಗೆ ವಹಿಸಬೇಕು. ಒಬ್ಬರು ಹೊಯ್ಯಲಿ, ಇನ್ನೊಬ್ಬರು ಗೀಟು ಹಾಕಲಿ. ಎಣಿಕೆ 39 ಅಥವಾ 42 ಬಂದರೆ ಲೆಕ್ಕ ತಪ್ಪಲಿಲ್ಲ. ಪಟ್ಟಿಯಲ್ಲಿ ಎಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ ಎಷ್ಟು ಲೀಟರ್ ತಪ್ಪುತ್ತದೆಂದು ಆಗ ಕೇಳಬೇಕು. ಆಳದಲ್ಲಿ ತಪ್ಪಿದರೆ 1711 ಘನ ಸೆಂ.ಮೀ., ಅಂದರೆ 1.7 ಲೀಟರ್; ಅಗಲದಲ್ಲಿ ತಪ್ಪಿದರೆ 59 × 26 = 1534, ಒಂದೂವರೆ ಲೀಟರ್; ಉದ್ದದಲ್ಲಿ ತಪ್ಪಿದರೆ 29 × 26 = 754, ಮುಕ್ಕಾಲು ಲೀಟರ್. ಅತಿ ಉದ್ದವಾದ ಬದಿಯನ್ನು ಅತಿ ಜಾಗರೂಕತೆಯಿಂದ ಅಳೆಯಬೇಕೆಂದು ಮಕ್ಕಳು ಎಣಿಸುತ್ತಾರೆ. ನಿಜ ಅದಕ್ಕೆ ವಿರುದ್ಧ: ಚಿಕ್ಕ ಅಳತೆಯಲ್ಲಿ ಆದ ತಪ್ಪೇ ದೊಡ್ಡ ತಪ್ಪು.

ಮೀನಿನ ಕಡೆಯಿಂದ

ಈ ಲೆಕ್ಕ ಏಕೆ ಬೇಕೆಂದು ಮೀನಿನ ಕಡೆಯಿಂದ ಯೋಚಿಸುವಂತೆ ಮಾಡಬಹುದು. ಹತ್ತು ಲೀಟರ್ ನೀರಿಗೆ ಇಂತಿಷ್ಟು ಹನಿ ಎಂದು ಔಷಧದ ಬಾಟಲಿಯ ಮೇಲೆ ಬರೆದಿರುತ್ತದೆ. ತೊಟ್ಟಿಯಲ್ಲಿ 54 ಲೀಟರ್ ಇದೆಯೆಂದು ನಂಬಿ ಹಾಕಿದವರು ಮೀನಿಗೆ ಮೂರನೆಯ ಒಂದು ಭಾಗ ಹೆಚ್ಚು ಔಷಧ ಕುಡಿಸಿದಂತಾಯಿತು. ಮನುಷ್ಯನಾದರೆ ಬೇಡವೆನ್ನಬಹುದು, ಔಷಧದೊಳಗೇ ಈಜುವ ಜೀವಿಗೆ ಬೇರೆ ದಾರಿಯಿಲ್ಲ.

ಎಷ್ಟು ಮೀನುಗಳನ್ನು ಬಿಡಬಹುದೆಂಬುದಕ್ಕೂ ನೀರಿನ ಪ್ರಮಾಣವೇ ಆಧಾರ. ಬೆಳೆದ ಮೀನಿನ ಪ್ರತಿ ಸೆಂಟಿಮೀಟರ್ ಉದ್ದಕ್ಕೆ ಎರಡು ಲೀಟರ್ ಎಂಬ ಸ್ಥೂಲ ನಿಯಮವನ್ನು ಹಿಡಿದರೆ, ನಾಲ್ಕು ಸೆಂಟಿಮೀಟರಿನ ಗಪ್ಪಿ ಮೀನು ಐದು. ಚಂದ್ರಗಿರಿಯೂ ಸೇರಿದಂತೆ ಪಶ್ಚಿಮಕ್ಕೆ ಹರಿಯುವ ಕೆಲವು ಹೊಳೆಗಳಲ್ಲಿ ಕಾಣುವ, ಕೆಂಪು ಮತ್ತು ಕಪ್ಪು ಪಟ್ಟೆಗಳ 'ಮಿಸ್ ಕೇರಳ' ಮೀನನ್ನು ಹಿಡಿದು ತರುವ ಆಸೆ ಮಕ್ಕಳಿಗೆ ಸಹಜ. 1865ರಲ್ಲಿ ಫ್ರಾನ್ಸಿಸ್ ಡೇ ಎಂಬ ವಿಜ್ಞಾನಿ ಇದನ್ನು ಗುರುತಿಸಿ, ಅಂದಿನ ಮದರಾಸಿನ ಗವರ್ನರ್ ಡೆನಿಸನ್ ಅವರ ಹೆಸರನ್ನು ಇಟ್ಟನು. ಅಲಂಕಾರ ಮೀನಿನ ವ್ಯಾಪಾರಕ್ಕಾಗಿ ವಿಪರೀತ ಹಿಡಿದುದರಿಂದ ಇದೀಗ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಗುಂಪಾಗಿ ಬದುಕುವ, ಹತ್ತು ಸೆಂಟಿಮೀಟರಿಗೂ ಮೀರಿ ಬೆಳೆಯುವ ಮೀನು ಅದು. ಹತ್ತು ಸೆಂ.ಮೀ. ಎಂದೇ ಹಿಡಿದರೂ ಆರು ಮೀನುಗಳ ಗುಂಪಿಗೆ 120 ಲೀಟರ್ ಬೇಕು. ತರಗತಿಯ ತೊಟ್ಟಿ ಅದರ ಮೂರನೆಯ ಒಂದು ಭಾಗ ಮಾತ್ರ. ಹೊಳೆಯ ಮೀನು ಹೊಳೆಯಲ್ಲೇ ಇರಲಿ ಎಂಬ ಮಾತನ್ನು ಉಪದೇಶವಾಗಿ ಹೇಳುವುದಕ್ಕಿಂತ ಮಕ್ಕಳು ಈ ಭಾಗಾಕಾರದಿಂದ ತಲುಪಿದರೆ ಚೆನ್ನು. ಹಾಗೆಯೇ ತೊಟ್ಟಿಯ ಗಪ್ಪಿಗಳನ್ನು ತೋಡಿಗೆ ಬಿಡಬಾರದೆಂಬುದನ್ನೂ ಹೇಳಬೇಕು. ಹೊರಗಿನಿಂದ ಬಂದ ಮೀನು ಇಲ್ಲಿನ ಮೀನುಗಳ ಅನ್ನಕ್ಕೆ ಪಾಲುದಾರನಾಗುತ್ತದೆ.

ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗ ನೀರನ್ನು ಬದಲಿಸುವುದು ರೂಢಿ. 40 ಲೀಟರಿನ ಕಾಲು ಭಾಗ 10 ಲೀಟರ್. ಬಕೆಟಿನಲ್ಲಿ ಅಳೆಯದೆ ಇದನ್ನು ಹೇಗೆ ತೆಗೆಯಬಹುದು? 10,000ವನ್ನು 1711ರಿಂದ ಭಾಗಿಸಿದರೆ ಸುಮಾರು 5.8. ನೀರಿನ ಮಟ್ಟದಿಂದ 5.8 ಸೆಂ.ಮೀ. ಕೆಳಗೆ ಗಾಜಿಗೆ ಒಂದು ಪಟ್ಟಿ ಅಂಟಿಸಿ ಅಲ್ಲಿಯವರೆಗೆ ಇಳಿಸಿದರಾಯಿತು. ಗುಣಾಕಾರವಾಗಿ ಕಲಿತ ಸೂತ್ರವನ್ನು ಭಾಗಾಕಾರವಾಗಿ ತಿರುಗಿಸುವ ಈ ಲೆಕ್ಕ ಮೊದಲಿನದಕ್ಕಿಂತ ಕಠಿಣ, ಅವಸರ ಸಲ್ಲದು.

ಸುರಕ್ಷತೆಯ ಲೆಕ್ಕವೊಂದಿದೆ, ಅದನ್ನು ಅಧ್ಯಾಪಕರು ಸ್ವತಃ ಮಾಡಿ ನೋಡಿಕೊಳ್ಳಲೇಬೇಕು. ನೀರು 40.4 ಕಿಲೋಗ್ರಾಂ. ಕಲ್ಲಿನ ಸಾಂದ್ರತೆ ನೀರಿನ 2.6 ಪಟ್ಟು ಎಂದು ಹಿಡಿದರೆ ಜಲ್ಲಿ ಸುಮಾರು 10.7 ಕಿಲೋಗ್ರಾಂ. ಗಾಜು ಸುಮಾರು 9 ಕಿಲೋಗ್ರಾಂ. ಒಟ್ಟು 60 ಕಿಲೋಗ್ರಾಂ, ಅಂದರೆ ಬೆಳೆದ ಒಬ್ಬ ಮನುಷ್ಯನ ಭಾರ. ಕಾಲು ಅಲುಗಾಡುವ ಹಳೆಯ ಬೆಂಚಿನ ಮೇಲೆ, ಮಕ್ಕಳು ಓಡಾಡುವ ದಾರಿಯಲ್ಲಿ ಇಂತಹ ಭಾರವನ್ನು ಇಡಕೂಡದು. ತುಂಬಿದ ತೊಟ್ಟಿಯನ್ನು ಎತ್ತಿ ಸರಿಸಲು ಯಾರೂ ಹೋಗಬಾರದು. ತಳದ ಗಾಜು ಒಡೆಯುವುದು ಆಗಲೇ.

ತೋಟದಲ್ಲಿ ಅದೇ ಲೆಕ್ಕ

ದುಂಡಗಿನ ಪಾತ್ರೆಗಳಿಗೆ ಬರುವಾಗ ಹಿರಿಯ ತರಗತಿಯ ಮಕ್ಕಳಿಗೆ ತೋಟದ ಡ್ರಮ್ಮೇ ಉದಾಹರಣೆ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬುದನ್ನು ಇಲ್ಲಿನ ಮಕ್ಕಳು ಮನೆಯಲ್ಲೇ ಕೇಳಿರುತ್ತಾರೆ. ಡ್ರಮ್ಮಿನ ಒಳವ್ಯಾಸ 57 ಸೆಂ.ಮೀ. ಇದ್ದರೆ ತ್ರಿಜ್ಯ 28.5, ತಳದ ವಿಸ್ತೀರ್ಣ 3.14 × 28.5 × 28.5, ಸುಮಾರು 2550 ಚದರ ಸೆಂ.ಮೀ. 1,00,000ವನ್ನು ಇದರಿಂದ ಭಾಗಿಸಿದರೆ 39.2. ತಳದಿಂದ 39 ಸೆಂಟಿಮೀಟರಿಗೆ ಬಣ್ಣದ ಗೆರೆ ಎಳೆದಿಟ್ಟರೆ ಪ್ರತಿ ಸಲ ಕೊಡಪಾನ ಎಣಿಸುವ ಕೆಲಸವಿಲ್ಲ.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವಾಗಲೂ ಇದೇ ಲೆಕ್ಕ. ಸಾಮಾನ್ಯ ಕ್ಲೋರಿನೀಕರಣಕ್ಕೆ ಸಾವಿರ ಲೀಟರಿಗೆ 2.5 ಗ್ರಾಂ ಎಂಬುದು ಆರೋಗ್ಯ ಇಲಾಖೆಯವರು ಅನುಸರಿಸುವ ಪ್ರಮಾಣ. ಬಾವಿಯ ವ್ಯಾಸ 2.4 ಮೀಟರ್, ನೀರಿನ ಆಳ 3 ಮೀಟರ್ ಆದರೆ 3.14 × 1.2 × 1.2 × 3 = 13.56 ಘನ ಮೀಟರ್, ಅಂದರೆ 13,560 ಲೀಟರ್. ಪೌಡರ್ 34 ಗ್ರಾಂ. ವ್ಯಾಸವನ್ನೇ ತ್ರಿಜ್ಯವೆಂದು ತಿಳಿದವರು ಎರಡು ಪಟ್ಟಲ್ಲ, ನಾಲ್ಕು ಪಟ್ಟು ಹಾಕುತ್ತಾರೆ, 136 ಗ್ರಾಂ. ಅಂತಹ ನೀರನ್ನು ಬಾಯಿಗೆ ಹಾಕಲಾಗದು. ಸರಿಯಾದ ಪ್ರಮಾಣವನ್ನೇ ಹಾಕಿದ ಬಾವಿಯ ನೀರನ್ನೂ ನೇರವಾಗಿ ಮೀನಿನ ತೊಟ್ಟಿಗೆ ಹೊಯ್ಯಬಾರದು. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸಬೇಕು.

ಸುರಂಗದ ನೀರು ಸಂಗ್ರಹವಾಗುವ ಕೆರೆಯ ಬದಿಗಳು ನೆಟ್ಟಗಿರುವುದಿಲ್ಲ. ಮಣ್ಣು ಜರಿಯದಿರಲು ಓರೆಯಾಗಿ ಅಗೆದಿರುತ್ತಾರೆ. ಮೇಲ್ಭಾಗ 8 ಮೀಟರ್ ಉದ್ದ, 6 ಮೀಟರ್ ಅಗಲ. ತಳ 6 ಮೀಟರ್ ಉದ್ದ, 4 ಮೀಟರ್ ಅಗಲ. ಆಳ 2 ಮೀಟರ್ ಇರುವ ಕೆರೆಯನ್ನು ಪರಿಗಣಿಸಬಹುದು. ಮೇಲಿನ ಅಳತೆಯಿಂದ ಗುಣಿಸಿದ ಮಗು 8 × 6 × 2 = 96 ಘನ ಮೀಟರ್ ಎನ್ನುತ್ತದೆ. ನಡು ಆಳದಲ್ಲಿ ಉದ್ದ 7 ಮೀಟರ್, ಅಗಲ 5 ಮೀಟರ್. ಅದರಿಂದ ಗುಣಿಸಿದರೆ 70 ಘನ ಮೀಟರ್. ಶಾಲೆಯ ಮಟ್ಟಕ್ಕೆ ಈ ಉತ್ತರ ಸಾಕು. ಅಧ್ಯಾಪಕರ ತಿಳಿವಿಗಾಗಿ: ಮೇಲಿನ ವಿಸ್ತೀರ್ಣ 48, ತಳದ ವಿಸ್ತೀರ್ಣ 24, ನಡುವಿನ ವಿಸ್ತೀರ್ಣದ ನಾಲ್ಕು ಪಟ್ಟು 140, ಮೊತ್ತ 212ನ್ನು ಆರರಿಂದ ಭಾಗಿಸಿ ಆಳದಿಂದ ಗುಣಿಸಿದರೆ ನಿಖರವಾದ ಉತ್ತರ 70.67 ಘನ ಮೀಟರ್. ನಡುವಿನ ಅಳತೆಯ ಉಪಾಯದಲ್ಲಿ ಆದ ತಪ್ಪು ನೂರಕ್ಕೆ ಒಂದರಷ್ಟೂ ಇಲ್ಲ.

70,000 ಲೀಟರ್ ಎಂದರೆ ತೋಟಕ್ಕೆ ಏನು? ಬೇಸಗೆಯಲ್ಲಿ ಒಂದು ಸಲಕ್ಕೆ ಅಡಿಕೆ ಮರವೊಂದಕ್ಕೆ 175 ಲೀಟರ್ ನೀರು ಎಂಬ ಕೃಷಿ ಶಿಫಾರಸನ್ನು ಹಿಡಿದರೆ 400 ಮರಗಳು. 96,000 ಎಂದು ನಂಬಿ 548 ಮರಗಳಿಗೆ ಚರಳು ಬಿಡಿಸಿದವರ ತೋಟದಲ್ಲಿ ಕೊನೆಯ 148 ಮರಗಳ ಬುಡ ಒಣಗಿಯೇ ಉಳಿಯುತ್ತದೆ. ಇನ್ನು ಕೆರೆ ಮತ್ತೆ ತುಂಬಲು ಎಷ್ಟು ಹೊತ್ತು? ಸುರಂಗದ ಬಾಯಿಯಲ್ಲಿ ಹತ್ತು ಲೀಟರಿನ ಬಕೆಟು ಹಿಡಿದು ಹೊತ್ತನ್ನು ನೋಡಿದರಾಯಿತು. 40 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 15 ಲೀಟರ್, ಗಂಟೆಗೆ 900 ಲೀಟರ್. 70,000 ಲೀಟರಿಗೆ ಸುಮಾರು 78 ಗಂಟೆ. ಮೂರು ದಿನ ಆರು ಗಂಟೆ. ನಾಲ್ಕು ದಿನಕ್ಕೊಮ್ಮೆ ನೀರು ಬಿಡುವ ತೋಟಕ್ಕೆ ಈ ಸುರಂಗ ಸಾಕು. ಎಪ್ರಿಲ್ ಕೊನೆಗೆ ಬಕೆಟು ತುಂಬಲು 80 ಸೆಕೆಂಡು ಬೇಕಾದರೆ ಸಾಲದು. ಹೊತ್ತು ನೋಡುವ ಕೆಲಸಕ್ಕೆ ಮಕ್ಕಳು ಹಿರಿಯರ ಜತೆಯಲ್ಲಿ ಮಾತ್ರ ಹೋಗಬೇಕು, ಸುರಂಗದ ಒಳಗೆ ಕಾಲಿಡಕೂಡದು, ಕೆರೆಯ ಆಳವನ್ನು ದಡದಿಂದಲೇ ಕೋಲು ಇಳಿಸಿ ಅಳೆಯಬೇಕು.

ಮೌಲ್ಯಮಾಪನದ ಕುರಿತು

ಉತ್ತರಕ್ಕಿಂತ ಅಳೆದ ಬಗೆಗೆ ಹೆಚ್ಚು ಅಂಕ ಸಲ್ಲಬೇಕು. ಒಳಗಿನಿಂದ ಅಳೆದು ಗುಣಾಕಾರದಲ್ಲಿ ಎಡವಿದ ಮಗು, ಹೊರಗಿನಿಂದ ಅಳೆದು ಸರಿಯಾಗಿ ಗುಣಿಸಿದ ಮಗುವಿಗಿಂತ ಈ ಪಾಠವನ್ನು ಹೆಚ್ಚು ಕಲಿತಿದೆ. ಮನೆಮಾತಿನಲ್ಲಿ ವಿವರಿಸುವ ಮಗುವನ್ನು ತಡೆಯದೆ, ಕೊನೆಗೆ ಎರಡು ವಾಕ್ಯಗಳನ್ನು ಕನ್ನಡದಲ್ಲಿ ಬರೆಯಿಸಿದರೆ ಸಾಕು. ಮಕ್ಕಳ ಮನೆಯಲ್ಲಿ ಮೀನಿನ ತೊಟ್ಟಿ ಇಲ್ಲದಿದ್ದರೆ ಕಲ್ಲಿನ ಮರಿಗೆ, ದನಗಳಿಗೆ ನೀರು ಕೊಡುವ ಸಿಮೆಂಟು ತೊಟ್ಟಿ, ಪಾತ್ರೆ ತೊಳೆಯುವ ಟಬ್ಬು ಯಾವುದಾದರೂ ಆದೀತು; ಮರಿಗೆಯಂತಹ ದಪ್ಪ ಗೋಡೆಯ ಪಾತ್ರೆಯಲ್ಲಿ ಹೊರ ಅಳತೆಗೂ ಒಳ ಅಳತೆಗೂ ಇರುವ ಅಂತರ ಗಾಜಿನ ತೊಟ್ಟಿಗಿಂತ ಎಷ್ಟೋ ಸ್ಪಷ್ಟ. ದುಂಡಗಿನ ಗಾಜಿನ ಬೋಗುಣಿಗೆ ಮಾತ್ರ ಸೂತ್ರ ಹುಡುಕಬೇಡಿ, ಲೀಟರಿನ ಬಾಟಲಿ ಸಾಕು.

ಮನೆಗೆಲಸಕ್ಕೆ ಒಂದೇ ಪ್ರಶ್ನೆ ಕೊಡುವುದಾದರೆ ಜೂನ್ ತಿಂಗಳಲ್ಲಿ ಇದನ್ನು ಕೊಡಬಹುದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ನೀರು ಸರಿಯಾಗಿ ಒಂದು ಲೀಟರ್. ಶಾಲೆಯ ಮಾಡು ನೆಲದ ಮೇಲೆ ಆವರಿಸುವ ಜಾಗ 12 ಮೀಟರ್ ಉದ್ದ, 6 ಮೀಟರ್ ಅಗಲವಾದರೆ, ಅದರ ದಂಬೆಯಿಂದ ಇಳಿಯುವ ನೀರಿನಲ್ಲಿ ಸಾವಿರ ಲೀಟರಿನ ಟ್ಯಾಂಕು ತುಂಬಲು ಎಷ್ಟು ಮಿಲಿಮೀಟರ್ ಮಳೆ ಬೇಕು? ಸೋರಿಕೆಯನ್ನು ಲೆಕ್ಕಿಸದಿದ್ದರೆ ಉತ್ತರ 14 ಮಿಲಿಮೀಟರಿನಷ್ಟು.